ಕೆಂಪು ಜಾಕೆಟ್ಟಿನಲ್ಲಿದ್ದವನು

ಆ ಬಂಡೆ ಹತ್ತಿದ್ದು ನಾನಲ್ಲ, ಅಕ್ಷತಾ. ನಿನ್ನ ಅಪ್ಪ.

ತೀರ್ಥಹಳ್ಳಿಯ ನನ್ನ ಹೋಟೆಲಿನಲ್ಲಿ, ಗಲ್ಲಾದ ಹಿಂದೆ, ದೇವರ ಪಟದ ಪಕ್ಕದಲ್ಲಿ ಹನ್ನೆರಡು ವರ್ಷಗಳಿಂದ ತೂಗುತ್ತಿರುವ ಫೋಟೊ ನಿನಗೆ ಗೊತ್ತು. ಮೋಡದೊಳಗೆ ಎದ್ದು ನಿಂತ ಕಪ್ಪು ಬಂಡೆ, ಅದರ ತುದಿಯಲ್ಲಿ ಎರಡೂ ಕೈ ಎತ್ತಿ ನಿಂತ ಕೆಂಪು ಜಾಕೆಟ್ಟಿನ ಮನುಷ್ಯ. ಆ ಜಾಕೆಟ್ಟು ನನ್ನದು. ಮನುಷ್ಯ ನಾನಲ್ಲ. ನೀನು ಚಿಕ್ಕವಳಿದ್ದಾಗ ಬೆಂಚಿನ ಮೇಲೆ ನಿಂತು ಅದನ್ನು ನೋಡಿ, "ದೊಡ್ಡಪ್ಪ, ನಿಂಗೆ ಹೆದ್ರಿಕೆ ಆಗ್ಲಿಲ್ವಾ?" ಎಂದು ಕೇಳಿದ್ದೆ. "ಎಂತ ಹೆದ್ರಿಕೆ ಪುಟ್ಟಿ!" ಎಂದಿದ್ದೆ ನಾನು. ನಿನ್ನ ಅಪ್ಪ ಪಕ್ಕದಲ್ಲೇ ಕೂತು ಬನ್ಸ್ ತಿನ್ನುತ್ತಿದ್ದ. ತಲೆ ಎತ್ತಲಿಲ್ಲ.

ಇದನ್ನೆಲ್ಲ ಎದುರು ಕೂತು ಹೇಳಬೇಕಿತ್ತು. ನಿನ್ನ ಅಪ್ಪನ, ನನ್ನ ಚಂದ್ರುವಿನ, ತಿಥಿಯ ದಿನ ಹೇಳಿಬಿಡಬೇಕೆಂದೇ ಬಂದಿದ್ದೆ — ಆಗಲಿಲ್ಲ. ನಾನು ಓದಿದ್ದು ಹತ್ತನೇ ತರಗತಿ, ಬರೆದು ಅಭ್ಯಾಸವಿಲ್ಲ. ತಪ್ಪಿದ್ದಲ್ಲಿ ತಿದ್ದಿಕೊಂಡು ಓದು. ಆದರೆ ಪೂರ್ತಿ ಓದು.

ನಾನೂ ನಿನ್ನ ಅಪ್ಪನೂ, ಒಡಹುಟ್ಟಿದವರಲ್ಲದಿದ್ದರೂ ಅಣ್ಣತಮ್ಮಂದಿರ ಹಾಗೆ, ವೇಲ್ಸಿನಲ್ಲಿ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಎರಡು ವರ್ಷ ಇದ್ದೆವಲ್ಲ, ಇದು ಆಗಿನ ಮಾತು. ನಾನು ದೋಸೆ ಕಲ್ಲಿಗೆ, ಅವನು ಸಾರು-ಪಲ್ಯಕ್ಕೆ. ಅಲ್ಲಿಗೆ ದಿನಾ ಬರುತ್ತಿದ್ದ ಈವನ್ ಎಂಬ ಮುದುಕನಿಗೆ ನಿನ್ನ ಅಪ್ಪನ ಮೆಣಸಿನ ಸಾರೆಂದರೆ ಪ್ರಾಣ. ಲೋಟದಲ್ಲಿ ಹಾಕಿಸಿಕೊಂಡು ಚಹಾದ ಹಾಗೆ ಕುಡಿಯುತ್ತಿದ್ದ. ಅವನು ಹಿಂದೆ ಶಾಲೆ ಮಕ್ಕಳಿಗೆ ಬಂಡೆ ಹತ್ತುವುದನ್ನು ಕಲಿಸುತ್ತಿದ್ದವನು. ಒಂದು ಶನಿವಾರ ಹೋಟೆಲಿನ ಛಾವಣಿ ಸೋರಿ, ರಿಪೇರಿಗೆಂದು ಎರಡು ದಿನ ಬಾಗಿಲು ಹಾಕಿದರು. ಈವನ್ ತನ್ನ ಹಳೇ ವ್ಯಾನ್ ತಂದು ನಿಲ್ಲಿಸಿ, ಬೆಟ್ಟಕ್ಕೆ ಹೋಗೋಣ, ಡೇರೆ ಹಾಕೋಣ, ಬಂಡೆ ಹತ್ತಿಸುತ್ತೇನೆ ಎಂದ.

ನಾನು ಹಾರಿ ವ್ಯಾನ್ ಹತ್ತಿದೆ. ಚಂದ್ರು ಮಾತ್ರ, "ಬಂಡೆ ಗಿಂಡೆ ನಂಗಾಗದಿಲ್ಲ ಸುರೇಶಣ್ಣ, ತಲೆ ತಿರುಗ್ತದೆ. ನಾನು ಬಂದು ಅಡಿಗೆ ಮಾಡ್ತೀನಿ, ಅಷ್ಟೇ" ಎಂದ.

"ನಿಂಗೆ ಸ್ಟೂಲ್ ಹತ್ತಿದ್ರೂ ತಲೆ ತಿರುಗ್ತದೆ ಮಾರಾಯ," ಎಂದು ನಾನು ನಕ್ಕೆ. ಊರಲ್ಲೂ ಎಲ್ಲರೂ ಹಾಗೇ ನಗುತ್ತಿದ್ದರಲ್ಲ — ಬಲ್ಬು ಹಾಕಲು ಏಣಿ ಹತ್ತದವನು, ಹಂಚು ಸರಿಮಾಡಲು ಪಕ್ಕದ ಮನೆಯವರನ್ನು ಕರೆಯುವವನು.

ಮಳೆ ಎಂದರೆ ಮಳೆ. ಡೇರೆ ಹಾಕಲು ಎರಡು ತಾಸು ಬೇಕಾಯಿತು. ಒಂದು ಕಡೆ ಎತ್ತಿದರೆ ಇನ್ನೊಂದು ಕಡೆ ಮಲಗುತ್ತಿತ್ತು. "ಇದೆಂತ ಮಳೆ? ನಮ್ ಮೇಗರವಳ್ಳಿಲಿ ಇದಕ್ಕೆ ಇಬ್ಬನಿ ಅಂತಾರೆ," ಎಂದು ನಾನು ಜಂಬ ಕೊಚ್ಚುತ್ತಿದ್ದಾಗಲೇ ನನ್ನ ಹಾಸಿಗೆ ಚೀಲ ನೀರಲ್ಲಿ ತೇಲಿಕೊಂಡು ಹೊರಗೆ ಹೋಯಿತು. ಚಂದ್ರು ಸಾರಿನ ಸೌಟು ತೆಗೆದುಕೊಂಡು ಡೇರೆಯ ಸುತ್ತ ಕಾಲುವೆ ತೋಡಿದ, ನಮ್ಮಲ್ಲಿ ಅಂಗಳದ ನೀರನ್ನು ತಿರುಗಿಸುತ್ತಾರಲ್ಲ ಹಾಗೆ. ಅರ್ಧ ತಾಸಿನಲ್ಲಿ ಆ ಬಯಲಿನಲ್ಲೆಲ್ಲ ಒಳಗೆ ನೀರು ನಿಲ್ಲದ ಡೇರೆ ನಮ್ಮದೊಂದೇ. ಆಚೆ ಡೇರೆಯ ಹುಡುಗಿಯರು ಬಂದು ನೋಡಿ, ಅವನ ಕೈಯಿಂದಲೇ ತಮ್ಮದಕ್ಕೂ ತೋಡಿಸಿಕೊಂಡರು. ಪ್ಲಾಸ್ಟಿಕ್ ಹಾಳೆಯನ್ನು ಕೊಪ್ಪೆ ಮಾಡಿ ತಲೆ ಮೇಲೆ ಹಾಕಿಕೊಂಡು, ಸೌಟು ಹಿಡಿದು ಅವನು ಡೇರೆಯಿಂದ ಡೇರೆಗೆ ಓಡಾಡುತ್ತಿದ್ದುದನ್ನು ನೀನು ನೋಡಬೇಕಿತ್ತು. ನಾವು ನಕ್ಕಿದ್ದು, ನಕ್ಕಿದ್ದು... ಈಗಲೂ, ಬರೆಯುತ್ತ ಬರೆಯುತ್ತ ನಗು ಬರುತ್ತಿದೆ. ಅವನಿಲ್ಲ ಎಂಬುದು ಆಮೇಲೆ ನೆನಪಾಗುತ್ತಿದೆ.

ಮರುದಿನ ಬೆಳಿಗ್ಗೆ ಮಳೆ ತುಸು ಹೊಳವಾಯಿತು. ಈವನ್ ಹಿಂದಿನಿಂದ ಸುತ್ತಿಕೊಂಡು ಹೋಗಿ ಬಂಡೆಯ ನೆತ್ತಿಯಲ್ಲಿ ಕೊಂಡಿ ಕಟ್ಟಿ, ಅದರಲ್ಲಿ ಹಗ್ಗ ಹಾಯಿಸಿ ಬಂದ. ಒಂದು ತುದಿ ನನ್ನ ಸೊಂಟದ ಪಟ್ಟಿಗೆ, ಇನ್ನೊಂದು ತುದಿ ಕೆಳಗೆ ಅವನ ಕೈಯಲ್ಲಿ. ಬೀಳುವ ಮಾತೇ ಇಲ್ಲ. ನಾನು ಹೊಸ ಕೆಂಪು ಜಾಕೆಟ್ಟು ಹಾಕಿಕೊಂಡು, ಶಿಳ್ಳೆ ಹೊಡೆಯುತ್ತ ಹೊರಟೆ. ಎರಡಾಳು ಎತ್ತರ ಹೋದೆ, ಅಷ್ಟೇ. ಕೆಳಗೆ ನೋಡಿಬಿಟ್ಟೆ.

ಆಮೇಲೆ ಏನಾಯಿತೆಂದು ಹೇಗೆ ಹೇಳಲಿ — ಕಾಲು ಹೊಲಿಗೆ ಮೆಷಿನ್ನಿನ ಹಾಗೆ ನಡುಗತೊಡಗಿತು. ಬಂಡೆಯನ್ನು ಅಪ್ಪಿಕೊಂಡೆ. ಕೈ ಬಿಡು, ನಾನು ಇಳಿಸುತ್ತೇನೆ ಎಂದು ಈವನ್ ಕೂಗುತ್ತಿದ್ದ. ಕೈ ಬಿಡುವುದೊಂದೇ ನನ್ನಿಂದ ಆಗದ ಕೆಲಸವಾಗಿತ್ತು. ಹಲ್ಲಿಯ ಹಾಗೆ ಅಂಟಿಕೊಂಡು, ನಾನು ಅತ್ತೆ, ಅಕ್ಷತಾ. ನಲವತ್ತು ವರ್ಷದ ಗಂಡಸು ಅವ್ವಾ ಎಂದು ಅತ್ತೆ.

ಸ್ವಲ್ಪ ಹೊತ್ತಿಗೆ ನನ್ನ ಹಿಮ್ಮಡಿಯನ್ನು ಯಾರೋ ಹಿಡಿದ ಹಾಗಾಯಿತು.

"ಸುರೇಶಣ್ಣ, ಕಾಲು ಬಿಡು. ನಂಗೆ ಕೊಡು ಆ ಕಾಲು."

ಚಂದ್ರು. ಬೂಟು ಬಿಚ್ಚಿ ಎಸೆದು, ಬರಿಗಾಲಲ್ಲಿ, ಹಗ್ಗವಿಲ್ಲದೆ ಬಂದಿದ್ದ. "ಇಲ್ಲಿ ಇಡು. ಹಾಂ. ಈಗ ಇನ್ನೊಂದು ನನ್ನ ಹೆಗಲ ಮೇಲೆ ಇಡು. ಮುಖ ಯಾಕೆ ಹಂಗೆ ಮಾಡ್ತೀಯ, ಬಂಡೆಗೆ ಮುತ್ತು ಕೊಡ್ತಾ ಇದ್ದೀಯಾ?" ಹೀಗೆ ಬೈಯುತ್ತ, ನಗಿಸುತ್ತ, ಒಂದೊಂದೇ ಹೆಜ್ಜೆ ಇಡಿಸಿ ನನ್ನನ್ನು ನೆಲಕ್ಕೆ ತಂದ.

ನೆಲಕ್ಕೆ ಬಂದ ಮೇಲೆ ಅವನ ಮುಖದ ಬಣ್ಣ ಹೋಯಿತು. ಒಂದು ಕಲ್ಲಿನ ಮೇಲೆ ಕೂತ. ಆಗ ಹೇಳಿದ — ನಿನಗೂ ಯಾರೂ ಹೇಳಿರದ ಮಾತು.

ನಿನ್ನ ಅಜ್ಜ ಹೊಸನಗರದ ಸುತ್ತಿನ ತೋಟಗಳಲ್ಲಿ ಅಡಿಕೆ ಮರ ಹತ್ತಿ ಕೊನೆ ತೆಗೆಯುತ್ತಿದ್ದವರು. ಹದಿನಾರನೇ ವರ್ಷಕ್ಕೇ ನಿನ್ನ ಅಪ್ಪ ಅವರ ಜೊತೆ ಮರದಿಂದ ಮರಕ್ಕೆ ಹಾರುತ್ತಿದ್ದನಂತೆ. ಒಂದು ಮಳೆಗಾಲ, ಔಷಧಿ ಹೊಡೆಯಲು ಹತ್ತಿದ ಅಜ್ಜ ಪಾಚಿಗಟ್ಟಿದ ಮರದಿಂದ ಜಾರಿ ಬಿದ್ದರು. ನಾಲ್ಕು ವರ್ಷ ಹಾಸಿಗೆಯಲ್ಲೇ ಇದ್ದು ಹೋದರು. ಅಜ್ಜಿ ಮಗನನ್ನು ಹೊಳೆಬಾಗಿಲಿನಲ್ಲಿ ಲಾಂಚ್ ಹತ್ತಿಸಿ ಸಿಗಂದೂರಿಗೆ ಕರೆದುಕೊಂಡು ಹೋಗಿ, ಇನ್ನು ಮೇಲೆ ನೆಲ ಬಿಟ್ಟು ಯಾವುದನ್ನೂ ಹತ್ತುವುದಿಲ್ಲವೆಂದು ದೇವಿಯ ಮುಂದೆ ಆಣೆ ಮಾಡಿಸಿದರು. ಯಾರಿಗೂ ಹೇಳಬೇಡ ಎಂದೂ ಹೇಳಿದರು. ಹೇಳಿದರೆ ಊರಿನವರು ಸುಮ್ಮನಿರುತ್ತಾರಾ? ಕೊನೆ ತೆಗೆಯಲು ಆಳೇ ಸಿಗದ ಕಾಲ; ದೇವಿಗೆ ತಪ್ಪು ಕಾಣಿಕೆ ಹಾಕಿ ಹತ್ತು ಮಾರಾಯ ಎಂದು ಮನೆ ಬಾಗಿಲಿಗೆ ಬರುತ್ತಾರೆ. ಅದಕ್ಕೇ ಅವನು, ಅಪ್ಪ ಬಿದ್ದಂದಿನಿಂದ ತಲೆ ತಿರುಗುತ್ತದೆ ಎಂದುಬಿಟ್ಟ. ಪುಕ್ಕಲ ಎನಿಸಿಕೊಂಡ. ಅವ್ವನ ನಿದ್ದೆಗೋಸ್ಕರ.

ಆ ಆಣೆಯನ್ನು ಅವನು ಮುರಿದದ್ದು ನನಗೋಸ್ಕರ.

ಈವನ್‌ಗೆ ಇದೆಲ್ಲ ಏನು ಗೊತ್ತು? ಅವನು ಬಾಯಿ ಬಿಟ್ಟುಕೊಂಡು ನಿನ್ನ ಅಪ್ಪನ ಪಾದಗಳನ್ನೇ ನೋಡುತ್ತಿದ್ದ. ಮೆಲ್ಲಗೆ ಬಂದು ಹಗ್ಗದ ತುದಿಯನ್ನು ಮುಂದೆ ಹಿಡಿದ. ಹತ್ತುತ್ತೀಯಾ ಎನ್ನುವ ಹಾಗೆ.

ಚಂದ್ರು ಬಂಡೆಯ ತುದಿ ನೋಡಿದ. ನನ್ನನ್ನು ನೋಡಿದ. ಆಮೇಲೆ ಮುಖದ ಮೇಲೆ ಒಂದು ಕಳ್ಳನಗು ಬಂತು — ನಿನಗೆ ಗೊತ್ತಲ್ಲ ಆ ನಗು, ಹೋಳಿಗೆ ಕದಿಯುವಾಗಿನದು. "ಅರ್ಧ ಹತ್ತಿದ್ರೂ ತಪ್ಪೇ, ಪೂರ್ತಿ ಹತ್ತಿದ್ರೂ ತಪ್ಪೇ," ಎಂದ. "ತಪ್ಪು ಕಾಣಿಕೆ ಒಂದೇ ಅಲ್ವಾ ಸುರೇಶಣ್ಣ?"

ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಹತ್ತುವ ಹಾಗಿರಲಿಲ್ಲ. ನನ್ನ ಹೆಲ್ಮೆಟ್ಟು, ಕೆಂಪು ಜಾಕೆಟ್ಟು ಬಿಚ್ಚಿ ಕೊಟ್ಟೆ. ಹಾಕಿಕೊಂಡ. ಬಂಡೆಯನ್ನು ಮುಟ್ಟಿ ಹಣೆಗೆ ಒತ್ತಿಕೊಂಡು, ಅಂಗೈಯಿಂದ ತಟ್ಟಿ ಕಿವಿಗೊಟ್ಟ. ಹತ್ತುವ ಮೊದಲು ಮರ ಟೊಳ್ಳೋ ಗಟ್ಟಿಯೋ ಎಂದು ನೋಡುವ ರೀತಿ. "ಗಟ್ಟಿ ಉಂಟು," ಎಂದ. ಮೇಲೆ ಹೋಗುತ್ತ ಕೈಗೆ ಸಿಕ್ಕ ಪ್ರತಿ ಕಲ್ಲನ್ನೂ ಹಾಗೇ ತಟ್ಟುತ್ತಿದ್ದ. ಒಂದು ಕಡೆ ತಟ್ಟಿ, ತಲೆ ಆಡಿಸಿ, ಅದನ್ನು ಬಿಟ್ಟು ಪಕ್ಕಕ್ಕೆ ಸರಿದ. ಈವನ್ ನನ್ನ ಕಡೆ ತಿರುಗಿ, ಇದನ್ನು ಕಲಿಸಲು ನನಗೆ ವರ್ಷಗಟ್ಟಲೆ ಬೇಕು, ಇವನಿಗೆ ಯಾರು ಕಲಿಸಿದರು ಎಂದು ಕೇಳಿದ. "ಅವನ ಅಪ್ಪ," ಎಂದೆ.

ಎರಡು ಅಡಿಕೆ ಮರದಷ್ಟು ಎತ್ತರದ ಬಂಡೆ. ನೀರು ಅದರ ಮೇಲಿನಿಂದ ಹರಿಯುತ್ತಲೇ ಇತ್ತು. ಅವನು ಹತ್ತಿದ ಎನ್ನುವುದಕ್ಕಿಂತ — ಬಂಡೆಯೇ ಅವನನ್ನು ಕೈಯಿಂದ ಕೈಗೆ ದಾಟಿಸಿಕೊಂಡಿತು ಅನ್ನಬೇಕು. ನೆತ್ತಿಯಲ್ಲಿ ನಿಂತು, ಎರಡೂ ಕೈ ಎತ್ತಿ, ತೋಟದಿಂದ ತೋಟಕ್ಕೆ ಕೇಳುವ ಹಾಗೆ ಕೂ ಎಂದು ಕೂಗಿದ. ಆ ಕಣಿವೆಯ ಕುರಿಗಳೆಲ್ಲ ತಲೆ ಎತ್ತಿದವು. ಮಳೆ ಮತ್ತೆ ಧೋ ಎಂದು ಸುರಿಯಿತು. ಅಷ್ಟು ಖುಷಿಯ ಮುಖವನ್ನು ನಾನು ಆಮೇಲೆ ನೋಡಿದ್ದು ಒಂದೇ ಸಲ, ನೀನು ಪಿಯುಸಿ ಪಾಸಾದ ದಿನ.

ಈವನ್ ಕೈಯಲ್ಲಿ ಹಗ್ಗವಿತ್ತು. ಹಾಗಾಗಿ ಅವನ ಕ್ಯಾಮೆರಾದ ಉದ್ದ ಲೆನ್ಸಿನಲ್ಲಿ ಹತ್ತಿರಕ್ಕೆ ಎಳೆದು ಫೋಟೊ ತೆಗೆದದ್ದು ನಾನು.

ಆ ಸಂಜೆ ಡೇರೆಯಲ್ಲಿ ಮೆಣಸಿನ ಸಾರು ಕುಡಿಯುತ್ತ ಅವನೇ ಹೇಳಿದ: "ಊರಲ್ಲಿ ಯಾರ ಹತ್ರನೂ ಬಾಯಿ ಬಿಡ್ಬೇಡ. ಅವ್ವಂಗೆ ಗೊತ್ತಾದ್ರೆ ಸತ್ತೇ ಹೋಗ್ತಾಳೆ. ಯಾರಾದ್ರೂ ಕೇಳಿದ್ರೆ ನೀನೇ ಹತ್ತಿದ್ದು ಅನ್ನು." ಫೋಟೊದಲ್ಲಿ ಹೆಲ್ಮೆಟ್ಟು, ಅದರ ಮೇಲೆ ಜಾಕೆಟ್ಟಿನ ಟೋಪಿ, ಆಕಾಶಕ್ಕೆ ತಿರುಗಿದ ಮುಖ. ಯಾರೆಂದು ತಿಳಿಯುವುದಿಲ್ಲ. ಈವನ್ ಎರಡು ಪ್ರತಿ ಕೊಟ್ಟಾಗ ಅವನು ತನ್ನದನ್ನೂ ನನಗೇ ಕೊಟ್ಟ.

ಇಲ್ಲಿಯವರೆಗಿನದು ಅವನು ಹೇಳಿದಂತೆ ಮಾಡಿದ್ದು. ಇದರ ಮುಂದಿನದು ನನ್ನದು.

ಹೋಟೆಲು ತೆರೆದಾಗ ಆ ಫೋಟೊಗೆ ಕಟ್ಟು ಹಾಕಿಸಿ ತೂಗುಹಾಕಿದೆ. ಹಾಕೆಂದು ಅವನು ಹೇಳಿರಲಿಲ್ಲ. ಜನ ಕೇಳಿದರು, ಹೇಳಿದೆ. ಹೇಳುತ್ತ ಹೋದ ಹಾಗೆ ಬಂಡೆ ಬೆಳೆಯಿತು — ಮೊದಲು ಎರಡು ಅಡಿಕೆ ಮರದಷ್ಟಿದ್ದದ್ದು ನಾಲ್ಕು ವರ್ಷದಲ್ಲಿ ಐದು ಮರದಷ್ಟಾಯಿತು. ಶಾಲೆಯವರು ಮಕ್ಕಳಿಗೆ ಧೈರ್ಯದ ಬಗ್ಗೆ ಮಾತಾಡಿ ಎಂದು ಕರೆದರು. ಹೋದೆ. ಶಾಲು ಹೊದಿಸಿಕೊಂಡೆ. ಫೋಟೊ ತೆಗೆದವರು ಯಾರು ಎಂದು ಒಬ್ಬ ಮೇಷ್ಟ್ರು ಕೇಳಿದರು. "ನಮ್ ಚಂದ್ರು, ಕೆಳಗೆ ನಿಂತು," ಎಂದೆ.

ಅಷ್ಟಕ್ಕೇ ನಿಲ್ಲಲಿಲ್ಲ. ಇದನ್ನು ಬರೆಯುವ ಮೊದಲು ಮೂರು ಸಲ ಪೆನ್ನು ಕೆಳಗಿಟ್ಟೆ. ಒಂದು ದಿನ ಹೋಟೆಲು ತುಂಬಿತ್ತು, ಮಾತು ರಂಗೇರಿತ್ತು. ಚಂದ್ರು ಅರ್ಧದಲ್ಲಿ ಹೆದರಿ ಹಲ್ಲಿಯ ಹಾಗೆ ಅಂಟಿಕೊಂಡ, ಅವ್ವಾ ಎಂದು ಅತ್ತ, ನಾನು ಹೋಗಿ ಇಳಿಸಿದೆ — ಹೀಗೆಂದು ಹೇಳಿಬಿಟ್ಟೆ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ತಿರುಗಿ ನೋಡಿದರೆ ಬಾಗಿಲಲ್ಲಿ ಅವನೇ ನಿಂತಿದ್ದ, ನಿನ್ನ ಕೈ ಹಿಡಿದುಕೊಂಡು. ನಿನಗೆ ಆಗ ಒಂಬತ್ತೋ ಹತ್ತೋ. ನೀನೂ ನಕ್ಕೆ. ಅವನೂ ನಕ್ಕು, "ಹೌದು, ಇವನಿಲ್ದಿದ್ರೆ ನಾನು ಇವತ್ತಿಗೂ ಅಲ್ಲೇ ಇರ್ತಿದ್ದೆ" ಎಂದ. ಚಹಾ ಕುಡಿದು ಹೋದ.

ಮೂರು ವರ್ಷದ ಹಿಂದೆ ನಿನ್ನ ಅಜ್ಜಿ ತೀರಿಕೊಂಡ ಮೇಲೆ ಅವನು ನನ್ನನ್ನು ಸಿಗಂದೂರಿಗೆ ಕರೆದುಕೊಂಡು ಹೋದ. ಆಗಿನ್ನೂ ಸೇತುವೆ ಆಗಿರಲಿಲ್ಲ. ತಪ್ಪು ಕಾಣಿಕೆ ಹಾಕಿ ವಾಪಸು ಬರುತ್ತ, ಲಾಂಚಿನ ಕಂಬಿ ಹಿಡಿದು ನಿಂತು ನೀರು ನೋಡುತ್ತ ಕೇಳಿದ: "ಅವ್ವ ಹೋದ್ಲು. ದೇವಿಗೂ ಒಪ್ಪಿಸಿದೆ. ಇನ್ನು ಅಕ್ಷತಾಂಗೆ ಒಬ್ಳಿಗಾದ್ರೂ ಹೇಳ್ಲಾ ಸುರೇಶಣ್ಣ?"

ಅವನು ನನ್ನ ಅಪ್ಪಣೆ ಕೇಳಿದ. ತಾನು ಹತ್ತಿದ ಬಂಡೆಗೆ.

ನಾನೆಂದೆ: "ಈಗ ಹೇಳಿ ಎಂತ ಮಾಡ್ತೀಯ ಮಾರಾಯ? ಯಾರು ನಂಬ್ತಾರೆ?"

ನಗುತ್ತಲೇ ಅಂದೆ. ಅವನೂ "ಅದೂ ಹೌದು" ಎಂದು ನಕ್ಕ. ಮತ್ತೆಂದೂ ಕೇಳಲಿಲ್ಲ. ಈ ಮಳೆಗಾಲದಲ್ಲಿ ಎದೆನೋವೆಂದು ಮಲಗಿದವನು ಏಳಲಿಲ್ಲ. ಇನ್ನು ಕೇಳುವುದಿಲ್ಲ.

ತಿಥಿಯ ಊಟದ ಪಂಕ್ತಿಯಲ್ಲಿ ನಿಮ್ಮ ಪಕ್ಕದ ಮನೆಯವರು ಪ್ರೀತಿಯಿಂದಲೇ, "ಚಂದ್ರಣ್ಣ ಪಾಪ, ಸ್ಟೂಲ್ ಹತ್ತೋಕೂ ಹೆದರ್ತಿದ್ದ" ಎಂದರು. ಎಲ್ಲರೂ ನಕ್ಕರು. ಪಾಯಸ ಬಡಿಸುತ್ತಿದ್ದ ನೀನು ನನ್ನ ಎಲೆಯ ಮುಂದೆ ಬಗ್ಗಿ ಹೇಳಿದೆ: "ಅಪ್ಪಂದು ಹೆದ್ರಿಕೆ ನಂಗೂ ಬಂದಿದೆ ದೊಡ್ಡಪ್ಪ. ಕಾಲೇಜಲ್ಲಿ ಬಂಡೆ ಹತ್ತೋ ಕ್ಯಾಂಪಿಗೆ ನನ್ ಹೆಸರು ಬಂದಿತ್ತು. ಬೇಡ ಅಂತ ಬರೆದು ಕೊಟ್ಬಿಟ್ಟೆ. ನಮ್ ರಕ್ತದಲ್ಲೇ ಇಲ್ಲ ಅದು."

ಆ ಪಾಯಸವನ್ನು ಹಾಗೇ ಬಿಟ್ಟೆ. ಎಲೆ ಮಡಚಿ ಎದ್ದು ಬಂದೆ. ಸುಮ್ಮನೆ ಎದ್ದು ಬಂದೆ.

ಕ್ಷಮಿಸು ಎಂದು ಕೇಳಲು ಇದನ್ನು ಬರೆಯುತ್ತಿಲ್ಲ. ಕ್ಷಮಿಸಬೇಕಾದವನು ಎಂದೋ ಕ್ಷಮಿಸಿ, ಚಹಾ ಕುಡಿದು ಹೋದ. ಅದೇ ನನಗೆ ಭಾರ. ಕ್ಯಾಂಪಿಗೆ ಹೋಗು ಎಂದೂ ಹೇಳುವುದಿಲ್ಲ. ಅದು ನಿನಗೆ ಬಿಟ್ಟದ್ದು. ಬೇಡ ಎನ್ನುವುದಾದರೆ ನಿನಗೆ ಬೇಡವೆಂದು ಬೇಡ ಅನ್ನು. ನನ್ನ ಸುಳ್ಳನ್ನು ನಂಬಿ ಅನ್ನಬೇಡ.

ನಿನ್ನೆ ಬೆಳಿಗ್ಗೆ ಫೋಟೊ ಗೋಡೆಯಿಂದ ತೆಗೆದೆ. ಅದಿದ್ದ ಜಾಗದಲ್ಲಿ ಬಣ್ಣ ಮಾಸದ ಒಂದು ಚೌಕ ಉಳಿದಿದೆ. ದಿನಾ ಬರುವ ಗಿರಾಕಿಯೊಬ್ಬರು, "ಎಂತ ಸುರೇಶಣ್ಣ, ನಿಮ್ ಬಂಡೆ ಎಲ್ಲಿ ಹೋಯ್ತು?" ಎಂದರು. "ಅದು ನಂದಲ್ಲ, ಚಂದ್ರುಂದು. ಅತ್ತವನು ನಾನು," ಎಂದೆ. ಅವರು ದೋಸೆ ಮುರಿಯುತ್ತಿದ್ದ ಕೈ ನಿಲ್ಲಿಸಿದರು. ಪೂರ್ತಿ ಹೇಳಿದೆ, ಸೌಟಿನ ಕಾಲುವೆಯಿಂದ ಹಿಡಿದು. ಶಾಲು ಹೊದಿಸಿದ ಶಾಲೆಗೂ ಸೋಮವಾರ ಹೋಗಿ ಹೇಳುತ್ತೇನೆ.

ಭಾನುವಾರ ಹೊಸನಗರದ ಬಸ್ಸಿಗೆ ಬರುತ್ತಿದ್ದೇನೆ. ಫೋಟೊ ತರುತ್ತೇನೆ, ಎರಡೂ ಪ್ರತಿ. ನನ್ನ ಮಾತನ್ನು ನೀನು ನಂಬಬೇಕಾಗಿಲ್ಲ. ಇಷ್ಟು ವರ್ಷ ಎಲ್ಲರೂ ಜಾಕೆಟ್ಟು ನೋಡಿದರು, ಯಾರೂ ಕೆಳಗೆ ನೋಡಲಿಲ್ಲ. ಫೋಟೊದಲ್ಲಿರುವವನ ಕಾಲಲ್ಲಿ ಬೂಟಿಲ್ಲ. ಒದ್ದೆ ಕಲ್ಲಿನ ಮೇಲೆ ಬೆರಳು ಅಗಲಿಸಿ ನಿಂತಿದ್ದಾನೆ — ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವೆ ಇನ್ನೊಂದು ಬೆರಳು ಹಿಡಿಯುವಷ್ಟು ಸಂದು.

ಪಾಯಸ ಬಡಿಸುತ್ತ ನೀನು ನನ್ನ ಮುಂದೆ ನಿಂತಾಗ ನಾನು ತಲೆ ತಗ್ಗಿಸಿದ್ದೆ. ಆಗ ಕಂಡದ್ದು ನಿನ್ನ ಪಾದ, ಬೆರಳುಗಳ ನಡುವೆ ಅದೇ ಸಂದು.