ಮತ್ತೊಂದೆಡೆ

ರಾಜ್ಯಶಾಸ್ತ್ರದ ಕೊನೆಯ ವರ್ಷದಲ್ಲಿರುವ ನನ್ನ ಸಹಪಾಠಿಯನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಎಲ್ಲರಿಗೂ ಅವನು ‘ಮತ್ತೊಂದೆಡೆ’. ಯಾವ ಪ್ರಶ್ನೆ ಬಂದರೂ ಹಾಳೆಯ ನಡುವೆ ಸ್ಕೇಲಿಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಾನೆ, ಎಡಕ್ಕೆ ಪರ, ಬಲಕ್ಕೆ ವಿರೋಧ, ಎರಡೂ ಸರಿಸಮ. ಟೀ ಬೇಕೋ ಕಾಫಿ ಬೇಕೋ ಎಂದರೂ ಗಲ್ಲಕ್ಕೆ ಕೈ ಹಚ್ಚಿ ನಿಲ್ಲುತ್ತಾನೆ. “ಬೇಗ ಹೇಳೋ ಮಾರಾಯ, ನೀನು ತೀರ್ಮಾನ ಮಾಡೋಷ್ಟರಲ್ಲಿ ಎರಡು ಸರ್ಕಾರ ಬಿದ್ದಿರುತ್ತೆ!” ಎಂದು ಕ್ಯಾಂಟೀನಿನವನು ರೇಗುತ್ತಾನೆ. ಚರ್ಚಾಸ್ಪರ್ಧೆಯಲ್ಲಿ ಎದುರಾಳಿ ಮರೆತ ಅಂಶವನ್ನು ತಾನೇ ನೆನಪಿಸಿ ಸೋತವನು ಅವನೊಬ್ಬನೇ. ಪ್ರತಿ ಉತ್ತರದ ಕೆಳಗೂ ಮೇಷ್ಟ್ರ ಕೆಂಪು ಶಾಯಿ: ‘ಎಲ್ಲಾ ಸರಿ, ನೀನು ಯಾವ ಕಡೆ?’ ನಿನ್ನೆ ಗ್ರಂಥಾಲಯದಲ್ಲಿ ನನ್ನ ಪಕ್ಕ ಬಂದು ಕೂತ ಅವನು ಪುಸ್ತಕ ತೆರೆಯಲೇ ಇಲ್ಲ. “ಅಪ್ಪ ಅಮ್ಮ ಬೇರೆ ಆಗ್ತಿದಾರೆ ಕಣೋ. ಯಾರ ಜೊತೆ ಇರ್ತೀಯ ಅಂತ ಸಂಜೆ ಐದಕ್ಕೆ ಹೇಳ್ಬೇಕು” ಎಂದ. ಹಾಳೆಯೊಂದರ ನಡುವೆ ಗೆರೆ ಎಳೆದು ಎಡಕ್ಕೆ ‘ಅಮ್ಮ’, ಬಲಕ್ಕೆ ‘ಅಪ್ಪ’ ಎಂದು ಬರೆದ. ಅದರ ಕೆಳಗೆ ಒಂದಕ್ಷರವೂ ಮೂಡಲಿಲ್ಲ. ಗೋಡೆ ಗಡಿಯಾರದಲ್ಲಿ ಐದಕ್ಕೆ ಹತ್ತು ನಿಮಿಷವಿದ್ದಾಗ ರಬ್ಬರ್ ತೆಗೆದು, ಎರಡೂ ಹೆಸರುಗಳನ್ನು ಹಾಗೇ ಬಿಟ್ಟು, ನಡುವಿನ ಗೆರೆಯನ್ನಷ್ಟೇ ಉಜ್ಜತೊಡಗಿದ. ಹಾಳೆ ಹರಿದ ಮೇಲೂ ನಿಲ್ಲಿಸಲಿಲ್ಲ.