ರೆಕ್ಕೆ ತೆಗೆಯದ ನಂಗು ಮೀನು

ತುರುವನೂರಿನ ಕುರಿಗಾಹಿಗಳ ಮನೆಯ ಹೆಣ್ಣು ಕಾಳಕ್ಕ ಚಿತ್ರದುರ್ಗದಲ್ಲಿ ಮೀನಿನಂಗಡಿ ಇಟ್ಟು ಹನ್ನೆರಡು ವರ್ಷವಾಗಿತ್ತು. ಸಮುದ್ರ ಕಂಡವಳಲ್ಲ. ಮಲ್ಪೆಯಿಂದ ಐಸ್ ಪೆಟ್ಟಿಗೆಯಲ್ಲಿ ಬರುವ ಮೀನುಗಳ ಕುಲಗೋತ್ರವನ್ನೆಲ್ಲ ಲಾರಿಯವರ ಬಾಯಿಂದಲೇ ಕೇಳಿ ಕಲಿತಿದ್ದಳು.

ಆ ಭಾನುವಾರ ಮಧ್ಯಾಹ್ನ ಬಾಲರಾಜು ಅಂಗಡಿಯ ಮುಂದೆ ಆಟೋ ನಿಲ್ಲಿಸಿದ ರಭಸಕ್ಕೆ ಗಿರಾಕಿಗಳು ಹಿಂದೆ ಸರಿದರು.

"ಬೆಳಿಗ್ಗೆ ಎಂಥ ಮೀನು ಕೊಟ್ಟೆ ಕಾಳಕ್ಕ? ನನ್ನ ಮಗಳು ಕೀರ್ತನಾ ಉಗುಳು ನುಂಗಕ್ಕೂ ಆಗ್ದೆ ಒದ್ದಾಡ್ತಾ ಆಸ್ಪತ್ರೆಲೈತೆ! ಎರಡೂ ಕಣ್ಣು ಒಂದೇ ಕಡೆ ಇದ್ವಂತೆ, ಒಂದು ಮಗ್ಗುಲು ಬಿಳಿಚಿಕೊಂಡಿತ್ತಂತೆ. ರೋಗದ ಮೀನು ಅದು!"

ಯಾರೋ ಮೊಬೈಲ್ ಎತ್ತಿ ಹಿಡಿದರು. ಕಾಳಕ್ಕ ಮೀನಿನ ಪೆಟ್ಟಿಗೆಯತ್ತ ತಿರುಗಿದಳು.

"ರೋಗ ಅಲ್ಲಪ್ಪ, ಅದು ನಂಗು ಮೀನು. ಮರಿಯಾಗಿದ್ದಾಗ ಎಲ್ಲಾ ಮೀನಿನಂಗೇ ಆ ಕಡೆ ಒಂದು, ಈ ಕಡೆ ಒಂದು ಕಣ್ಣು. ಬೆಳೀತಾ ಬೆಳೀತಾ ಒಂದು ಕಣ್ಣು ತಲೆ ದಾಟಿ ಇನ್ನೊಂದರ ಪಕ್ಕಕ್ಕೆ ಬರ್ತೈತೆ. ಆಮೇಲೆ ಮರಳಿನ ಮೇಲೆ ಒಂದೇ ಮಗ್ಗುಲಲ್ಲಿ ಮಲಗ್ತೈತೆ. ಮೇಲಿನ ಮೈ ಮರಳಿನ ಬಣ್ಣ, ಕೆಳಗಿಂದು ಬಿಳಿ. ಹ್ಯಾಲಿಬಟ್ ಅಂತ ಇದರ ದಾಯಾದಿ ತಣ್ಣನೆ ಸಮುದ್ರದಾಗೆ ಆಳುದ್ದ ಬೆಳೀತೈತಂತೆ, ಅದೂ ಹಿಂಗೇ..."

ಹೇಳುತ್ತಾ ಪೆಟ್ಟಿಗೆಯಿಂದ ಒಂದು ನಂಗು ಎತ್ತಿದವಳು ಅಲ್ಲೇ ನಿಂತಳು. ಮೀನಿನ ಅಂಚಿಗೆ ಸುತ್ತಲೂ ರೆಕ್ಕೆ, ಅದರ ಬುಡದಲ್ಲಿ ಸಾಲು ಸಾಲು ಸಣ್ಣ ಮುಳ್ಳು. ಅದನ್ನು ಕತ್ತರಿಸಿಯೇ ಅವಳು ಮೀನು ಕೊಡುವುದು. ಬೆಳಿಗ್ಗೆ ಗಿರಾಕಿಗಳು ಮುಗಿಬಿದ್ದಾಗ ಬಾಲರಾಜುವಿನ ಮೀನನ್ನು ಹಾಗೇ ಸುತ್ತಿ ಕೊಟ್ಟಿದ್ದಳು. ಇದನ್ನು ಬಲ್ಲವಳು ಅವಳೊಬ್ಬಳೇ. ಸುಮ್ಮನಿದ್ದರೆ ಅಂಗಡಿಯ ಹೆಸರು ಉಳಿಯಬಹುದು, ಮಗು?

"ಆಟೋ ತಿರುಗಿಸು. ನಾನೂ ಬರ್ತೀನಿ."

ಆಸ್ಪತ್ರೆಯಲ್ಲಿ, ತಿಂದ ಮೀನು ವಿಷವಾಗಿರಬಹುದೆಂದು ಹುಡುಗಿಯನ್ನು ದಾವಣಗೆರೆಯ ದೊಡ್ಡ ಆಸ್ಪತ್ರೆಗೆ ಕಳಿಸುವ ಮಾತು ನಡೆದಿತ್ತು. ಬಾಲರಾಜುವಿನ ಹೆಂಡತಿ ಯಶೋದಾ ಮಗಳನ್ನು ಎದೆಗವುಚಿ ಕೂತಿದ್ದಳು. ಕಾಳಕ್ಕ ಕೈಯಲ್ಲಿದ್ದ ಮೀನನ್ನು ಡಾಕ್ಟರ ಮುಂದೆ ಹಿಡಿದಳು.

"ಡಾಕ್ಟರಮ್ಮ, ಇದ್ರಾಗೆ ವಿಷ ಇಲ್ರಿ. ಇಲ್ಲಿ ನೋಡ್ರಿ, ಮುಳ್ಳು, ಇಂಥದ್ದೇ ಗಂಟಲಾಗೆ ಸಿಕ್ಕಿರ್ಬೇಕು. ನಾನು ರೆಕ್ಕೆ ಕತ್ತರಿಸದೇ ಕೊಟ್ಟಿದ್ದೆ. ತಪ್ಪು ನಂದೇ."

ಬಾಲರಾಜು ಮುಷ್ಟಿ ಬಿಗಿದ. ಡಾಕ್ಟರು ಹುಡುಗಿಯನ್ನು ಒಳಗೆ ಕರೆದೊಯ್ದು ಬಾಗಿಲು ಹಾಕಿಕೊಂಡರು. ಕೀರ್ತನಾಳ ಕೂಗು ಕೇಳಿಸಿತು, ಮತ್ತೆ ನಿಂತುಹೋಯಿತು.

ಬಾಗಿಲು ತೆರೆಯಿತು. ಡಾಕ್ಟರ ಕೈಯಲ್ಲಿದ್ದ ತಟ್ಟೆಯಲ್ಲಿ ಕೂದಲಿಗಿಂತ ತುಸು ದಪ್ಪದ ಒಂದು ಮುಳ್ಳು.

"ನೀರು ಕುಡೀತಿದಾಳೆ" ಎಂದರು.

ಯಶೋದಾ ಅತ್ತಳು. ಬಾಲರಾಜು ಹೊರಗೆ ಹೋಗಿ ಆಟೋದಲ್ಲಿ ಕೂತ. ಕಾಳಕ್ಕ ಹಿಂದೆಯೇ ಬಂದು ನಿಂತಳು. ಹತ್ತಲು ಧೈರ್ಯ ಬರಲಿಲ್ಲ.

"ಸಿಟ್ಟು ಹೋಗಿಲ್ಲ ಕಣಕ್ಕ," ಎಂದ ಅವನು, ಅವಳತ್ತ ತಿರುಗದೆ. "ಆದ್ರೂ ಕುಂತ್ಕ, ಅಂಗಡಿ ತಾವ ಬಿಡ್ತೀನಿ."