ನನ್ನ ಅಳತೆಯ ಗರಗಸ

ಗರಗಸದ ಮಶಿನ್ನು ತರೋಣವೆಂದು ಮನೆಯಲ್ಲಿ ಮೊದಲು ಬಾಯಿಬಿಟ್ಟವಳು ನಾನು. ಬಾಗೇವಾಡಿಗೆ ಆಗಲೇ ಕರೆಂಟು ಬಂದಿತ್ತು. ನನ್ನ ಗಂಡ ಬಡಿಗರು. ಯಾರದೋ ಮನೆಗೆ ತೊಲೆ ಏರಿಸುವಾಗ ಬಿದ್ದು ಅವರ ಬಲಗೈ ಸೋತಿತ್ತು. ಗರಗಸ ಎಳೆಯುವವಳು ನಾನೇ. ಅವರ ಕೈ ಗಟ್ಟಿ ಇದ್ದಾಗಲೂ ಇಬ್ಬರು ಎಳೆಯುವ ದೊಡ್ಡ ಗರಗಸದ ಇನ್ನೊಂದು ತುದಿ ಹಿತ್ತಲಲ್ಲಿ ನನ್ನ ಕೈಯಲ್ಲೇ ಇರುತ್ತಿತ್ತು. ಆದರೆ ಹೆಂಗಸು ಎಳೆದರೆ ಅದು ಕೆಲಸವಲ್ಲವಂತೆ, ಗಂಡನಿಗೆ ಕೈಜೋಡಿಸಿದ್ದಂತೆ. ಈ ಮಾತು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಗಂಡನ ಅಣ್ಣ ಮಶಿನ್ನಿಗೆ ಒಪ್ಪಿದರು. ಅದನ್ನು ನಡೆಸಲು ನಾಲತವಾಡದಿಂದ ತಮ್ಮ ಕಡೆಯ ಒಬ್ಬ ಆಳನ್ನು ಕರೆಸುವುದೆಂದೂ ಅವರೇ ನಿಶ್ಚಯಿಸಿದರು. ನಾನು ಇನ್ನು ಒಲೆಯ ಮುಂದೆ ಆರಾಮಾಗಿ ಕೂರಬಹುದಂತೆ. ಆ ಆಳು ಒಮ್ಮೆ ಮಶಿನ್ನಿನ ಮುಂದೆ ನಿಂತರೆ ನಮ್ಮ ಬಡಿಗತನದ ಕಮ್ಮಟವೂ ಅವನದೇ, ಸುಗ್ಗಿಯಲ್ಲಿ ರೈತರು ಕೊಡುವ ಆಯದ ಜೋಳವೂ ಅವನದೇ ಆಗುವುದು ನನಗೆ ಕಾಣುತ್ತಿತ್ತು. ಮಶಿನ್ನು ಆರಿಸಲು ಹೊರಟ ದಿನ ಯಾರೂ ಕರೆಯದಿದ್ದರೂ ಮೊದಲು ಬಸ್ಸು ಹತ್ತಿದವಳು ನಾನು.

ಮುದ್ದೇಬಿಹಾಳದ ಕಟ್ಟಿಗೆ ಅಡ್ಡೆಯಲ್ಲಿ ಎರಡು ಮಶಿನ್ನುಗಳಿದ್ದವು. ಒಂದು ಪೂರ್ತಿ ಕಬ್ಬಿಣದ್ದು, ದೊಡ್ಡ ಅಲಗಿನದು. ಇನ್ನೊಂದು ಚಿಕ್ಕದು, ಅದರ ಮೇಜು ಮತ್ತು ಕಾಲು ಸಾಗವಾನಿಯವು. ಭಾವ ದೊಡ್ಡದರ ಸುತ್ತ ತಿರುಗಿ ತಲೆದೂಗುತ್ತಿದ್ದರು. ನಾನು ಮನೆಯಿಂದ ಸೆರಗಿನಲ್ಲಿ ತಂದಿದ್ದ ಜಾಲಿ ತುಂಡನ್ನು ತೆಗೆದು, ಎರಡರಲ್ಲೂ ಕೊಯ್ದು ತೋರಿಸಿ ಎಂದೆ. ನಮ್ಮ ಕಡೆಯ ಕುಂಟೆ, ಕೂರಿಗೆ ಎಲ್ಲ ಜಾಲಿಯವೇ. ದೊಡ್ಡ ಅಲಗು ನಡುಗಿ, ಕೊಯ್ದ ಗೆರೆ ಸೊಟ್ಟಗಾಯಿತು. ಚಿಕ್ಕದು ನೆಟ್ಟಗೆ ಕೊಯ್ದಿತು. ಆದರೆ ಅದರ ಮುಂದೆ ನಾನು ನಿಂತರೆ ಮೇಜು ಎದೆಗೆ ಬಂತು. ಮೊಳಕೈ ಎತ್ತಿಕೊಂಡು ಕಟ್ಟಿಗೆ ನೂಕಿದರೆ ಬಲ ಸಾಲದು, ಬೆರಳೂ ಉಳಿಯುವುದಿಲ್ಲ.

"ಗಂಡಸರ ಅಳತಿದು ಅಕ್ಕಾರ," ಎಂದರು ಅಡ್ಡೆಯ ಮಾಲೀಕ ಸಾಹೇಬರು.

"ಕಾಲು ಕಟ್ಟಿಗೀವು ಅದಾವಲ್ರಿ," ಎಂದೆ. ಅವರಿಗೆ ಅರ್ಥವಾಗಿ ಮೀಸೆಯಲ್ಲೇ ನಕ್ಕರು. ಭಾವನಿಗೆ ಅರ್ಥವಾಗಲಿಲ್ಲ. ಸೊಟ್ಟ ಗೆರೆಯನ್ನು ಕಣ್ಣಾರೆ ಕಂಡಿದ್ದರಿಂದ ಚಿಕ್ಕದಕ್ಕೇ ಹೂಂ ಅಂದರು.

ಮನೆಗೆ ತಂದ ಮೇಲೆ ನಮ್ಮವರು ನನ್ನನ್ನು ನೆಟ್ಟಗೆ ನಿಲ್ಲಿಸಿ, ನೆಲದಿಂದ ನನ್ನ ಸೊಂಟದ ತನಕ ಎಡಗೈಯಲ್ಲೇ ಕೋಲು ಹಿಡಿದು ಅಳೆದರು. ಅವರು ಗೆರೆ ಎಳೆದಲ್ಲಿ ಕೈಗರಗಸದಿಂದ ನಾಲ್ಕೂ ಕಾಲು ಕೊಯ್ದೆ. ಮೇಜು ತಗ್ಗಿ, ಮೋಟಾರಿನಿಂದ ಅಲಗು ತಿರುಗಿಸುವ ಪಟ್ಟಾ ಸಡಿಲವಾದಾಗ ಮೋಟಾರನ್ನು ಹಿಂದಕ್ಕೆ ಸರಿಸಿ ಬಿಗಿ ಮಾಡಿದೆವು.

ಸೋಮವಾರ ನಮ್ಮ ಸೀಮೆಯಲ್ಲಿ ಯಾರೂ ಎತ್ತು ಹೂಡುವುದಿಲ್ಲ, ಅದು ಬಸವಣ್ಣನ ವಾರ. ಹಾಗಾಗಿ ಮುರಿದದ್ದೆಲ್ಲ ಅಂದೇ ಬಡಿಗರ ಮನೆಗೆ ಬರುತ್ತದೆ. ಆ ಸೋಮವಾರ ಕಟ್ಟೆಯ ಮೇಲೆ ರೈತರು ಸಾಲಾಗಿ ಕೂತಿದ್ದರು. ಭಾವ ಕರೆಸಿದ ಆಳು ಎತ್ತರದವನು. ಮೇಜಿನ ಮುಂದೆ ಬಾಗಿ ನಿಂತು ಒಂದೆರಡು ಹಲಗೆ ನೂಕುವಷ್ಟರಲ್ಲಿ ಸೊಂಟ ಹಿಡಿದುಕೊಂಡ. ಭಾವ ಮೇಜಿನ ಕಾಲುಗಳ ಕೆಳಗೆ ಇಟ್ಟಿಗೆ ಕೊಟ್ಟು ಎತ್ತರಿಸಲು ಹೇಳಿದರು.

"ಇಟ್ಟಂಗಿ ಇಡಬ್ಯಾಡ್ರಿ," ಎಂದೆ. "ಅದು ನನ್ನ ಅಳತಿಗೆ ಐತಿ."

ಭಾವನ ಮುಖ ಕೆಂಪಾಯಿತು. ಅಷ್ಟು ಜನರ ಮುಂದೆ ನಾನು ಅವರಿಗೆ ಎದುರು ಮಾತಾಡಿದ್ದು ಅದೇ ಮೊದಲು, ಆದರೂ ಹಿತವಾಗಿತ್ತು. ಭಾವ ನಮ್ಮವರ ಕಡೆ ನೋಡಿದರು. ನಮ್ಮವರು ಉಳಿ ಮಸೆಯುತ್ತಲೇ ಇದ್ದರು.

ಗೊಳಸಂಗಿಯಿಂದ ಬಂದಿದ್ದ ಹಿರಿಯ ರೈತನಿಗೆ ಈ ಜಗಳ ಬೇಕಿರಲಿಲ್ಲ. "ಯಾರರೆ ನಿಂದರ್ರಿ, ನಾಳೆ ಮುಂಜಾನೆ ಎತ್ತು ಹೂಡೂದೈತಿ ನನಗ," ಎಂದ.

ಸೆರಗು ಬಿಗಿದು ನಿಂತು, ಅವನ ಕುಂಟೆಯ ಜಾಲಿ ದಿಂಡನ್ನು ಕೊಯ್ದೆ. ಅವನು ಗೆರೆಯ ಮೇಲೆ ಹೆಬ್ಬೆರಳು ಓಡಿಸಿ ನೋಡಿ, ಹೊತ್ತುಕೊಂಡು ಹೋದ. ಹೊಗಳಲಿಲ್ಲ, ನನಗೆ ಅದು ಬೇಕೂ ಇರಲಿಲ್ಲ. ಸಾಲಿನ ಕೊನೆಯಲ್ಲಿ ಕೂತಿದ್ದವನು ಎದ್ದು ಬಂದ. ಇಷ್ಟು ವರ್ಷ ಬಾಗಿಲಲ್ಲಿ ನಿಂತು ನಮ್ಮವರನ್ನೇ ಕೂಗುತ್ತಿದ್ದವನು ಅಂದು ಮುರಿದ ಕೂರಿಗೆಯನ್ನು ನನ್ನ ಮುಂದಿಟ್ಟು ಕೇಳಿದ:

"ಬಡಿಗ್ಯಾರ, ನಂದು ಯಾವಾಗ ಕೊಡ್ತೀರಿ?"

"ನಿಮ್ಮ ಪಾಳಿ ಬಂದಾಗ," ಎಂದೆ.